ಕೂರಿಸಿದರೆ ಬೀಳುವುದು ತಪ್ಪೀತೇ?

‘ಬಚ್ಚಲಲ್ಲಿ ಕಾಲು ಜಾರಿತಂತೆ’ ಎಂಬ ಸುದ್ದಿ ಬಾರದ ಮನೆ ನಮ್ಮಲ್ಲಿ ಕಡಿಮೆ. ಅದರ ಬೆನ್ನಿಗೇ ‘ವಯಸ್ಸಾಯ್ತಲ್ಲ’ ಎಂಬ ಮಾತು ಬರುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಮೂಳೆ ಮುರಿದಿದ್ದರೆ ಆಪರೇಷನ್, ಮುರಿಯದಿದ್ದರೆ ನೋವಿನ ಎಣ್ಣೆ ಮತ್ತು ಬಿಸಿನೀರಿನ ಶಾಖ. ಆಮೇಲೆ ಮನೆಯಲ್ಲಿ ಒಂದು ಹೊಸ ಕಟ್ಟಳೆ ಜಾರಿಗೆ ಬರುತ್ತದೆ: ‘ಅಮ್ಮ, ಇನ್ನು ನೀನು ಏಳಲೇಬೇಡ. ಏನು ಬೇಕಾದ್ರೂ ಕರಿ, ಕೂತಲ್ಲಿಗೇ ತಂದುಕೊಡ್ತೀವಿ.’ ಈ ಎರಡು ಮಾತುಗಳಲ್ಲಿ ಮೊದಲನೆಯದು ಅರ್ಧಸತ್ಯ. ಎರಡನೆಯದು ಪ್ರೀತಿಯಿಂದ ಬಂದದ್ದು, ಆದರೆ ಮುಂದಿನ ಬಾರಿ ಬೀಳುವುದಕ್ಕೆ ದಾರಿ ಮಾಡಿಕೊಡುವುದೂ ಅದೇ. ಹಿರಿಯರು ಬೀಳುವುದಕ್ಕೆ ಕಾರಣಗಳಿರುತ್ತವೆ. ಅವನ್ನು ಹುಡುಕಬಹುದು, ಒಂದೊಂದಾಗಿ ತೆಗೆಯಬಹುದು. ಆ ಕೆಲಸ ಬಿಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿಬಿಟ್ಟರೆ ಕಾರಣಗಳೆಲ್ಲ ಇದ್ದಲ್ಲೇ ಇರುತ್ತವೆ, ಕಾಲುಗಳ ಶಕ್ತಿ ಮಾತ್ರ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವಿನಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಇದರದೇ. ಈ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ಆಗುತ್ತಿರುವುದು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅತಿ ಹೆಚ್ಚು ಸಾಯುವವರು 60 ದಾಟಿದವರು. 65 ಮೀರಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಹೆಚ್ಚಿನವರು ತರಚು ಗಾಯದೊಂದಿಗೆ ಪಾರಾಗುತ್ತಾರೆ. ಆದರೆ ಸೊಂಟದ ಹತ್ತಿರ ತೊಡೆಮೂಳೆ ಮುರಿದರೆ ಕತೆ ಬೇರೆ. ಅನೇಕ ದೇಶಗಳ ಅಧ್ಯಯನಗಳಲ್ಲಿ, ಹಾಗೆ ಮೂಳೆ ಮುರಿದ ಐವರು ಹಿರಿಯರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಂಡಿದ್ದಾರೆ. ಉಳಿದವರಲ್ಲೂ ಬಹಳ ಮಂದಿಗೆ ಮೊದಲಿನಂತೆ ಓಡಾಡಲು ಆಗಲಿಲ್ಲ. 2011ರ ಜನಗಣತಿಯ ವೇಳೆಗೇ ಭಾರತದಲ್ಲಿ 60 ದಾಟಿದವರು 10 ಕೋಟಿ ಮೀರಿದ್ದರು. ಕರ್ನಾಟಕದಲ್ಲಿ ಅವರ ಪಾಲು ಶೇ 9.5, ದೇಶದ ಸರಾಸರಿಗಿಂತ ಹೆಚ್ಚು. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಈ ವಯಸ್ಸಿನವರಾಗಿರುತ್ತಾರೆಂಬ ಅಂದಾಜಿದೆ.

ನೆಟ್ಟಗೆ ನಿಲ್ಲುವುದು ಎಷ್ಟು ದೊಡ್ಡ ಕೆಲಸವೆಂಬುದು ನಿಂತವರಿಗೆ ಗೊತ್ತಾಗುವುದಿಲ್ಲ. ಗೋಡೆ ಎಲ್ಲಿದೆ, ನೆಲ ಎಲ್ಲಿದೆ ಎಂದು ಕಣ್ಣು ಹೇಳುತ್ತದೆ. ತಲೆ ಯಾವ ಕಡೆ ವಾಲಿತು ಎಂದು ಒಳಕಿವಿ ತಿಳಿಸುತ್ತದೆ. ನೆಲ ಮೆತ್ತಗಿದೆಯೋ ಇಳಿಜಾರಾಗಿದೆಯೋ ಎಂಬ ವರ್ತಮಾನ ಅಂಗಾಲಿನಿಂದಲೂ ಕೀಲುಗಳಿಂದಲೂ ಬರುತ್ತದೆ. ಮೆದುಳು ಇವನ್ನೆಲ್ಲ ಕೂಡಿಸಿ ಕಾಲಿನ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತದೆ. ಎಡವಿದಾಗ ನಮ್ಮನ್ನು ಉಳಿಸುವುದು ಥಟ್ಟನೆ ಮುಂದಿಡುವ ಒಂದು ಹೆಜ್ಜೆ. ಅದಕ್ಕೆ ಸಿಗುವ ಸಮಯ ಒಂದು ಸೆಕೆಂಡಿಗಿಂತ ಕಡಿಮೆ. ವಯಸ್ಸಾದಂತೆ ಸ್ನಾಯುವಿನಲ್ಲಿ ಮೊದಲು ಸೊರಗುವುದು ಇಂಥ ಚುರುಕು ಕೆಲಸದ ಎಳೆಗಳೇ. ಆದ್ದರಿಂದ ಸಮತಟ್ಟಾದ ನೆಲದ ಮೇಲೆ ಚೆನ್ನಾಗಿಯೇ ನಡೆಯುವ ಹಿರಿಯರು ಎಡವಿದ ಗಳಿಗೆಯಲ್ಲಿ ಸಾವರಿಸಿಕೊಳ್ಳಲಾರರು. ಮೆದುಳಿನ ಮೇಲೂ ಹೊರೆ ಹೆಚ್ಚುತ್ತದೆ. ಮೊದಲು ತಾನಾಗಿ ಆಗುತ್ತಿದ್ದ ನಡಿಗೆಗೆ ಈಗ ಗಮನ ಕೊಡಬೇಕಾಗುತ್ತದೆ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ವೀಡನ್ನಿನ ಸಂಶೋಧಕರು ವೃದ್ಧರ ವಸತಿಯೊಂದರ 58 ಮಂದಿಯನ್ನು ಮಾತನಾಡಿಸುತ್ತ ನಡೆಸಿ ನೋಡಿದರು. ಉತ್ತರಿಸಲು ನಡಿಗೆ ನಿಲ್ಲಿಸಿದವರು 12 ಮಂದಿ. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ಇದನ್ನು ಗಮನಿಸಲು ಯಾವ ಯಂತ್ರವೂ ಬೇಡ, ಜೊತೆಗೆ ನಡೆಯುವವರ ಕಣ್ಣು ಸಾಕು.

ಹಾಗಾದರೆ ವಯಸ್ಸೇ ಕಾರಣ ಎಂದಂತಾಯಿತಲ್ಲ ಎಂದು ಕೇಳಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ತಮ್ಮ ಮನೆಗಳಲ್ಲೇ ಇದ್ದ, 75 ದಾಟಿದ 336 ಮಂದಿಯನ್ನು ಅವರ ತಂಡ ಒಂದು ವರ್ಷ ಗಮನಿಸಿತು. ಸುಮಾರು ಮೂರನೇ ಒಂದು ಭಾಗದಷ್ಟು ಜನ ಬಿದ್ದರು. ನಿದ್ದೆ ಬರಿಸುವ ಔಷಧ, ನೆನಪು ಮತ್ತು ತಿಳಿವಿನ ಕುಂದು, ಕಾಲಿನ ನಿಶ್ಶಕ್ತಿ, ಪಾದದ ತೊಂದರೆ, ನಡಿಗೆಯ ಅಸಮತೋಲ ಇಂಥವನ್ನೆಲ್ಲ ಎಣಿಸಿ ನೋಡಿದಾಗ ಲೆಕ್ಕ ಸ್ಪಷ್ಟವಾಯಿತು. ಇವುಗಳಲ್ಲಿ ಒಂದೂ ಇಲ್ಲದವರಲ್ಲಿ ಬಿದ್ದವರು ಶೇ 8. ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಶೇ 78. ಎಲ್ಲರೂ 75 ದಾಟಿದವರೇ ಆಗಿದ್ದರೂ ಅಪಾಯದಲ್ಲಿ ಹತ್ತುಪಟ್ಟಿನಷ್ಟು ಅಂತರವಿತ್ತೆಂದ ಮೇಲೆ ‘ವಯಸ್ಸಾಯ್ತು’ ಎಂಬ ಒಂದು ಮಾತು ಅದನ್ನು ವಿವರಿಸಲಾರದು. ಅದೇ ತಂಡ 1994ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 70 ದಾಟಿದ 301 ಮಂದಿಯಲ್ಲಿ ಒಂದು ಗುಂಪಿಗೆ ಅವರವರ ಕಾರಣಗಳನ್ನು ಹುಡುಕಿ ಔಷಧ ಸರಿಪಡಿಸಿತು, ವ್ಯಾಯಾಮ ಕಲಿಸಿತು. ವರ್ಷದೊಳಗೆ ಆ ಗುಂಪಿನಲ್ಲಿ ಶೇ 35 ಮಂದಿ ಬಿದ್ದರೆ, ಇನ್ನೊಂದು ಗುಂಪಿನಲ್ಲಿ ಬಿದ್ದವರು ಶೇ 47. ಹನಿಹನಿಯಾಗಿ ಕೂಡಿದ ಅಪಾಯವನ್ನು ಹಾಗೆಯೇ ಹನಿಹನಿಯಾಗಿ ಕಳೆಯಲೂ ಬರುತ್ತದೆ ಎಂಬುದು ಅಲ್ಲಿ ತಿಳಿಯಿತು.

ಕಾರಣಗಳು ಕೂಡುವ ಬಗೆಯನ್ನು ನಮ್ಮ ಮನೆಯೊಳಗೇ ನೋಡೋಣ. ರಾತ್ರಿ ಎರಡೂವರೆ. ಬಿ.ಪಿ.ಗೆಂದು ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತಡವಾಗಿ ನುಂಗಿರುವ ಹಿರಿಯರೊಬ್ಬರಿಗೆ ಅವಸರವಾಗಿ ಎಚ್ಚರವಾಗುತ್ತದೆ. ಮಲಗಿದ್ದವರು ಥಟ್ಟನೆ ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿಯುತ್ತದೆ. ರಕ್ತನಾಳಗಳು ಬೇಗ ಬಿಗಿಯದೆ ಒತ್ತಡ ಕುಸಿದು ಕಣ್ಣು ಕತ್ತಲಿಟ್ಟಂತಾಗುತ್ತದೆ. ಬೇರೆಯವರ ನಿದ್ದೆ ಕೆಡದಿರಲಿ ಎಂದು ದೀಪ ಹಾಕಿಲ್ಲ. ಕನ್ನಡಕ ದಿಂಬಿನ ಪಕ್ಕ ಉಳಿದಿದೆ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ಸವೆದ ಹವಾಯಿ ಚಪ್ಪಲಿ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ತಿಳಿಯುವುದಿಲ್ಲ. ಬಚ್ಚಲಿನ ಬಾಗಿಲಲ್ಲಿ ನೀರು ಆಚೆ ಬಾರದಿರಲೆಂದು ಎತ್ತಿ ಕಟ್ಟಿದ ಎರಡಂಗುಲದ ಕಲ್ಲು, ಅದರ ಮುಂದೆ ಮಡಿಚಿಕೊಂಡ ಕಾಲೊರಸು, ಆಚೆ ಸೋಪಿನ ನೀರು ಇನ್ನೂ ಆರದ ನುಣುಪು ಟೈಲ್ಸ್. ಸೀರೆಯ ಅಂಚೋ ಪಂಚೆಯ ತುದಿಯೋ ಕಾಲಿಗೆ ಸಿಕ್ಕುತ್ತದೆ. ಕೈ ಹೋಗಿ ಟವೆಲ್ ಹಾಕುವ ಸರಳನ್ನು ಹಿಡಿಯುತ್ತದೆ. ಮನುಷ್ಯರ ಭಾರ ತಡೆಯಲೆಂದು ಮಾಡಿದ್ದಲ್ಲದ ಆ ಸರಳು ಮೊಳೆಸಮೇತ ಕಿತ್ತು ಬರುತ್ತದೆ. ಬೆಳಿಗ್ಗೆ ಎಲ್ಲರೂ ಹೇಳುವುದು ‘ಕಾಲು ಜಾರಿತು’ ಎಂದು. ಜಾರಿದ್ದು ಹತ್ತು ಕಾರಣಗಳಲ್ಲಿ ಕೊನೆಯದು. ಉಳಿದ ಒಂಬತ್ತರಲ್ಲಿ ನಾಲ್ಕನ್ನು ತೆಗೆದಿದ್ದರೂ ಆ ರಾತ್ರಿ ಬೇರೆಯಾಗುತ್ತಿತ್ತು.

ಈ ಪಟ್ಟಿಯಲ್ಲಿ ಮನೆಯವರು ಎಲ್ಲಕ್ಕಿಂತ ಕಡಿಮೆ ಅನುಮಾನಿಸುವುದು ಮಾತ್ರೆಗಳನ್ನು. ನಿದ್ದೆ ಮಾತ್ರೆ, ಆತಂಕ ಮತ್ತು ಖಿನ್ನತೆಯ ಔಷಧ, ಬಿ.ಪಿ.ಯ ಕೆಲವು ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಔಷಧ, ಸಕ್ಕರೆಯನ್ನು ಅತಿಯಾಗಿ ಇಳಿಸುವ ಔಷಧ ಇವೆಲ್ಲ ತೂರಾಟ ತರಬಲ್ಲವು. ಒಬ್ಬೊಬ್ಬ ತಜ್ಞರು ಒಂದೊಂದು ಬರೆದುಕೊಟ್ಟು, ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲದಾಗ ಅಪಾಯ ಹೆಚ್ಚು. ನ್ಯೂಜಿಲೆಂಡಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಿದ್ದೆ ಮತ್ತು ಮನಸ್ಸಿನ ಔಷಧಗಳನ್ನು ವೈದ್ಯರ ನಿಗಾದಲ್ಲಿ ನಿಧಾನವಾಗಿ ಬಿಡಿಸಿದಾಗ ಬೀಳುವುದು ಶೇ 66ರಷ್ಟು ತಗ್ಗಿತು. ಆದರೆ ಹಾಗೆ ಬಿಟ್ಟವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಪ್ರಯೋಗ ಮುಗಿದ ತಿಂಗಳೊಳಗೇ ಮತ್ತೆ ಮಾತ್ರೆಗೆ ಮರಳಿದರು. ಶುರು ಮಾಡಿದಷ್ಟು ಸುಲಭವಾಗಿ ಅವನ್ನು ಬಿಡಲಾಗದು. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು, ಅದು ಇನ್ನೊಂದು ಅಪಾಯ. ಮಾಡಬೇಕಾದ್ದು ಇಷ್ಟೇ: ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಒಬ್ಬ ವೈದ್ಯರ ಮುಂದಿಟ್ಟು, ‘ಇವುಗಳಲ್ಲಿ ಈಗಲೂ ಬೇಕಾದವು ಯಾವುವು?’ ಎಂದು ಕೇಳುವುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿ ಎಂದು ಕೇಳುವುದೂ ತಪ್ಪಲ್ಲ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಲೇಬೇಕಾದ ಕುಸಿತ.

ಕಣ್ಣಿನದೂ ಇದೇ ಕತೆ. ‘ಪೊರೆ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ನೋಡೋಣ’ ಎಂದು ಆಪರೇಷನ್ ಮುಂದೂಡುವುದು ನಮ್ಮಲ್ಲಿ ಸಾಮಾನ್ಯ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿಕೊಂಡವರು ಕಾಯುತ್ತ ಕೂತವರಿಗಿಂತ ಶೇ 34ರಷ್ಟು ಕಡಿಮೆ ಸಲ ಬಿದ್ದರು. ಓದುವುದಕ್ಕೂ ದೂರಕ್ಕೂ ಒಂದೇ ಆಗಿರುವ ಕನ್ನಡಕ ಮೆಟ್ಟಿಲು ಇಳಿಯುವಾಗ ಮೋಸ ಮಾಡುತ್ತದೆ. ಕೆಳಗಿನ ಗಾಜು ಹತ್ತಿರದ್ದಕ್ಕೆ ಹೊಂದಿಸಿದ್ದಾದ್ದರಿಂದ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ದಿನವೂ ಹೊರಗೆ ಓಡಾಡುವ ಹಿರಿಯರಿಗೆ ದೂರದ್ದಕ್ಕೇ ಬೇರೆ ಕನ್ನಡಕ ಇರುವುದು ಒಳ್ಳೆಯದು. ಅಪರೂಪಕ್ಕೆ ಹೊರಬರುವವರಿಗೆ ಕನ್ನಡಕ ಬದಲಾಯಿಸುವುದೇ ಗೊಂದಲವಾದೀತು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಆಗದಿರಬಹುದು. ಕಾರಣಗಳನ್ನು ಒಬ್ಬೊಬ್ಬರಲ್ಲಿ ಬೇರೆಯಾಗಿಯೇ ಹುಡುಕಬೇಕೆನ್ನುವುದು ಅದಕ್ಕೇ.

ಈಗ ‘ಏಳಬೇಡ, ಕೂತಿರು’ ಎಂಬ ಕಟ್ಟಳೆಗೆ ಬರೋಣ. ಅದರ ಹಿಂದಿನ ತರ್ಕ ಸರಳ: ನಡೆದರೆ ತಾನೇ ಬೀಳುವುದು? ಆದರೆ ಯಾವ ಹಿರಿಯರೂ ದಿನಪೂರ್ತಿ ಕೂತಿರಲಾರರು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯಂತೂ ಉಳಿದೇ ಉಳಿಯುತ್ತದೆ, ಮತ್ತು ಆ ಹತ್ತು ಹೆಜ್ಜೆಯನ್ನು ದಿನೇ ದಿನೇ ಸೊರಗುವ ಕಾಲಿನಲ್ಲಿ ಇಡಬೇಕಾಗುತ್ತದೆ. ಎಷ್ಟು ಬೇಗ ಸೊರಗುತ್ತವೆಂಬುದಕ್ಕೆ 2007ರಲ್ಲಿ ಪ್ರಕಟವಾದ ಅಮೆರಿಕದ ಪುಟ್ಟ ಅಧ್ಯಯನವೊಂದು ಸಾಕ್ಷಿ. ಆರೋಗ್ಯವಾಗಿಯೇ ಇದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಇರಿಸಿದಾಗ ಅವರ ಕಾಲುಗಳು ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ತೂಕ ಕಳೆದುಕೊಂಡವು. ಹತ್ತು ದಿನಕ್ಕೆ ಹೀಗಾದರೆ, ಮನೆಯವರ ಅಕ್ಕರೆಯಲ್ಲಿ ಹತ್ತು ತಿಂಗಳು ಕೂತವರ ಗತಿ ಏನು? ದೇಹಕ್ಕಿಂತ ಮೊದಲು ಧೈರ್ಯ ಕುಗ್ಗುತ್ತದೆ. ‘ಬಿದ್ದುಬಿಟ್ಟರೆ’ ಎಂಬ ಅಂಜಿಕೆ ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ, ಮೈ ಬಿಗಿಯುತ್ತದೆ, ದೇವಸ್ಥಾನ, ಸಂತೆ, ನೆರೆಮನೆ ಒಂದೊಂದೇ ಬಿಟ್ಟುಹೋಗುತ್ತವೆ. ಹೆದರಿಕೆಯಿಂದ ನಡಿಗೆ ತಗ್ಗುತ್ತದೆ, ನಡಿಗೆ ತಗ್ಗಿ ಕಾಲು ಸೋಲುತ್ತದೆ, ಸೋತ ಕಾಲು ಬೀಳಿಸುತ್ತದೆ.

ಹಿರಿಯರು ಬೀಳದಂತೆ ತಡೆಯಲು ಅತ್ಯಂತ ಗಟ್ಟಿ ಪುರಾವೆ ಇರುವುದು ವ್ಯಾಯಾಮಕ್ಕೆ. 2019ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ 108 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ಹಿರಿಯರ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿತು. ವ್ಯಾಯಾಮದಿಂದ ಬೀಳುವುದು ಶೇ 23ರಷ್ಟು ಕಡಿಮೆಯಾಗಿತ್ತು; ಸಮತೋಲದ ಅಭ್ಯಾಸದ ಜೊತೆಗೆ ಸ್ನಾಯುಬಲದ ಅಭ್ಯಾಸವನ್ನೂ ಕೂಡಿಸಿದಲ್ಲಿ ಇಳಿಕೆ ಇನ್ನೂ ಹೆಚ್ಚು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಬೆಳಗಿನ ವಾಕಿಂಗ್ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದೇ, ಆದರೆ ಬರಿಯ ನಡಿಗೆಯಿಂದ ಬೀಳುವುದು ತಗ್ಗುತ್ತದೆಂಬುದಕ್ಕೆ ಭದ್ರ ಪುರಾವೆ ಸಿಕ್ಕಿಲ್ಲ. ಸಮತೋಲಕ್ಕೆ ತುಸು ಸವಾಲು ಬೀಳಬೇಕು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, 80 ದಾಟಿದವರಿಗೂ ಒಗ್ಗಿದ ಅಭ್ಯಾಸಕ್ರಮವನ್ನು ನಮ್ಮ ಅಡುಗೆಮನೆಯಲ್ಲೇ ಮಾಡಬಹುದು. ಕಟ್ಟೆಯ ಅಂಚು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಇಳಿಯುವುದು. ಹಾಗೇ ಹಿಡಿದು ಒಂದು ಕಾಲನ್ನು ಪಕ್ಕಕ್ಕೆ ಎತ್ತುವುದು. ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ಧೊಪ್ಪನೆ ಕುಸಿಯದೆ ನಿಧಾನವಾಗಿ ಕೂರುವುದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಹಗ್ಗದ ಮೇಲೆ ನಡೆದಂತೆ ನಾಲ್ಕು ಹೆಜ್ಜೆ. ಮೊದಲ ವಾರ ಎರಡು ಕೈ ಹಿಡಿತ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ವಾರಕ್ಕೆ ಮೂರು ದಿನವಾದರೂ ಮಾಡಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಬಿಟ್ಟರೆ ಗಳಿಸಿದ ಬಲ ಕರಗುತ್ತದೆ. ಮನೆಗೆಲಸವೂ ಇದಕ್ಕೆ ನೆರವಾಗುತ್ತದೆ. ಹೂ ಬಿಡಿಸುವುದು, ಬಟ್ಟೆ ಮಡಿಚಿ ಬೀರುವಿನಲ್ಲಿಡುವುದು, ತಮ್ಮ ಲೋಟ ತಾವೇ ತಂದುಕೊಳ್ಳುವುದು ಇವನ್ನು ಹಿರಿಯರ ಕೈಯಿಂದ ಕಿತ್ತುಕೊಳ್ಳಬಾರದು.

ವ್ಯಾಯಾಮ ಮಾಡಿಸಲು ಹೋಗಿ ಬಿದ್ದರೆ ಹೊಣೆ ಯಾರು ಎಂಬ ಪ್ರಶ್ನೆ ಸಹಜ. ಪಕ್ಕದಲ್ಲಿ ಹಿಡಿತವಿರಬೇಕು, ಮೊದಮೊದಲು ಒಬ್ಬರು ಜೊತೆಗಿರಬೇಕು. ಈಗಾಗಲೇ ಎರಡು ಮೂರು ಬಾರಿ ಬಿದ್ದವರು, ತಲೆಸುತ್ತು ಇರುವವರು ಫಿಸಿಯೊಥೆರಪಿಸ್ಟ್ ಅವರಿಂದಲೇ ಕಲಿಯಬೇಕು. ‘ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡ್ತಿದ್ದೀವಲ್ಲ, ಸಾಲದೇ?’ ಎಂದು ಕೇಳುವವರೂ ಇದ್ದಾರೆ. ಕೊರತೆ ಇದ್ದವರಿಗೆ ವೈದ್ಯರು ಹೇಳಿದಷ್ಟು ಬೇಕು, ನಿಜ. ಆದರೆ ಆಸ್ಟ್ರೇಲಿಯಾದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ವಿಟಮಿನ್ ಡಿ ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾದವೆಂದು 2010ರಲ್ಲಿ ವರದಿಯಾಯಿತು. ಮಾತ್ರೆ ನುಂಗಿದ ಮಾತ್ರಕ್ಕೆ ಕಾಲು ಸಮತೋಲ ಕಲಿಯುವುದಿಲ್ಲ. ಊರುಗೋಲು ಹಿಡಿಯಲು ನಾಚುವವರಿಗೂ ಒಂದು ಮಾತು: ಮಣಿಕಟ್ಟಿನ ಎತ್ತರಕ್ಕೆ ಸರಿಹೊಂದಿಸಿದ, ತುದಿಗೆ ರಬ್ಬರ್ ಇರುವ ಕೋಲು ಮುಪ್ಪನ್ನು ಸಾರುವುದಿಲ್ಲ. ಅದು ಸಂತೆಗೂ ಜಾತ್ರೆಗೂ ಹೋಗಿಬರುವ ಸ್ವಾತಂತ್ರ್ಯವನ್ನು ಉಳಿಸಿಕೊಡುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ವಿಜ್ಞಾನದೊಳಗಿಂದಲೇ ಬಂದಿದೆ. 2020ರಲ್ಲಿ ಅಮೆರಿಕದ 86 ಚಿಕಿತ್ಸಾಲಯಗಳಲ್ಲಿ 5,451 ಹಿರಿಯರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ದಾದಿಯರು ಪ್ರತಿಯೊಬ್ಬರ ಅಪಾಯಗಳನ್ನು ಗುರುತಿಸಿ ಯೋಜನೆ ಹಾಕಿಕೊಟ್ಟರೂ ಗಂಭೀರ ಗಾಯಗಳಲ್ಲಿ ಕಂಡ ಇಳಿಕೆ ಶೇ 8 ಮಾತ್ರ. ಅದನ್ನು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತ ಎನ್ನುವಂತಿರಲಿಲ್ಲ. ಅದೇ ವರ್ಷ ಬ್ರಿಟನ್ನಿನ ಇನ್ನೊಂದು ದೊಡ್ಡ ಪ್ರಯೋಗದಲ್ಲೂ ಮೂಳೆ ಮುರಿತ ತಗ್ಗಲಿಲ್ಲ. ಹಾಗಾದರೆ ಇದೆಲ್ಲ ವ್ಯರ್ಥವೇ? ಈ ಪ್ರಯೋಗಗಳು ಅಳೆದದ್ದು ಗಂಭೀರ ಗಾಯ ಮತ್ತು ಮುರಿತಗಳನ್ನು. ಬೀಳುವುದಕ್ಕೆ ಹೋಲಿಸಿದರೆ ಅವು ವಿರಳ, ಹಾಗಾಗಿ ಅವುಗಳಲ್ಲಿ ಬದಲಾವಣೆ ತೋರಿಸುವುದು ಕಷ್ಟ. ಅದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿದೆ. ಅಪಾಯವನ್ನು ಗುರುತಿಸಿ ಚೀಟಿಯಲ್ಲಿ ಬರೆದುಕೊಡುವುದಕ್ಕೂ ಅದನ್ನು ನಿಜವಾಗಿ ತೆಗೆಯುವುದಕ್ಕೂ ಬಹಳ ದೂರ. ಸಲಹೆ ಕೇಳಿದವರೆಲ್ಲ ತಿಂಗಳುಗಟ್ಟಲೆ ವ್ಯಾಯಾಮ ಮಾಡುವುದಿಲ್ಲ, ಬಚ್ಚಲಿಗೆ ಹಿಡಿಕೆ ಹಾಕಿಸುವುದಿಲ್ಲ. ಮನೆಮನೆಗೆ ಹೋಗಿ ನೆಲ, ಮೆಟ್ಟಿಲು, ಬೆಳಕು ಸರಿಪಡಿಸಿದ ಪ್ರಯೋಗಗಳನ್ನು 2023ರ ಕಾಕ್ರೇನ್ ವಿಮರ್ಶೆ ನೋಡಿದಾಗ, ಬೀಳುವುದು ಒಟ್ಟಾರೆ ಶೇ 26ರಷ್ಟು, ಹೆಚ್ಚು ಅಪಾಯದಲ್ಲಿರುವವರಲ್ಲಿ ಶೇ 38ರಷ್ಟು ಕಡಿಮೆಯಾಗಿತ್ತು. ಕೆಲಸ ನಿಜವಾಗಿ ಆದಲ್ಲಿ ಫಲವೂ ಕಾಣುತ್ತದೆ.

ಆ ಕೆಲಸಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಸಣ್ಣ ದೀಪ. ಕರೆಂಟು ಹೋಗುವ ಊರಾದರೆ ದಿಂಬಿನ ಪಕ್ಕ ಟಾರ್ಚು. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಸ್ಟೀಲ್ ಹಿಡಿಕೆ. ಕೂತು ಸ್ನಾನ ಮಾಡಲು ಅಲುಗದ ಸ್ಟೂಲು. ತುಂಬಿದ ಬಕೆಟ್ ಎತ್ತದಂತೆ ನಲ್ಲಿಯ ಕೆಳಗೇ ಜಾಗ. ಜಾರುವ ಕಾಲೊರಸಿಗೆ ಬದಲು ತಳಕ್ಕೆ ರಬ್ಬರ್ ಇರುವುದು. ಹಿಂದೆ ಪಟ್ಟಿ ಇರುವ, ಅಟ್ಟೆ ಸವೆಯದ ಚಪ್ಪಲಿ. ಮೆಟ್ಟಿಲಿನ ಅಂಚಿಗೂ ಹೊಸಿಲಿಗೂ ಎದ್ದು ಕಾಣುವ ಬಣ್ಣದ ಪಟ್ಟಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಶುರುವಾಗುತ್ತಿದ್ದಂತೆ ಅಂಗಳದ ಪಾಚಿ ಕೆರೆಯುವುದು. ಮಾತ್ರೆ ಡಬ್ಬಿ, ಕನ್ನಡಕ, ಫೋನು ಕೈಗೆಟಕುವಷ್ಟು ಎತ್ತರದಲ್ಲಿ ಇಡುವುದು. ಆದರೆ ಹೊಸಿಲಿನಾಚೆಗಿನದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಚಪ್ಪಡಿ ಎದ್ದ ಫುಟ್‌ಪಾತ್, ಹಿರಿಯರ ಮೊಣಕಾಲಿಗೆ ನಿಲುಕದ ಬಸ್ಸಿನ ಮೊದಲ ಮೆಟ್ಟಿಲು, ದೀಪವಿಲ್ಲದ ಬೀದಿ ಇವನ್ನು ಸರಿಪಡಿಸುವುದು ನಗರಸಭೆ, ಪಂಚಾಯಿತಿ, ಸಾರಿಗೆ ಸಂಸ್ಥೆಗಳ ಹೊಣೆ. ಹಿರಿಯರಿಗಾಗಿಯೇ 2010ರಲ್ಲಿ ಶುರುವಾದ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ನಮ್ಮಲ್ಲಿದೆ. ಅದರಡಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬಿ.ಪಿ., ಸಕ್ಕರೆ ನೋಡುವಷ್ಟೇ ಸಹಜವಾಗಿ ಹಿರಿಯರ ನಡಿಗೆಯನ್ನೂ ನೋಡುವಂತಾಗಬೇಕು.

ಅದಕ್ಕೆ ಬೇಕಾದದ್ದು ಮೂರು ಪ್ರಶ್ನೆ. 2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರತಂದ ಮಾರ್ಗಸೂಚಿ ಹೇಳುವುದೂ ಇವನ್ನೇ: ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಬೀಳುತ್ತೇನೆಂಬ ಹೆದರಿಕೆ ಇದೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ವೈದ್ಯರನ್ನು ಕಂಡು ಕಾರಣಗಳನ್ನು ಹುಡುಕಿಸಬೇಕು. ಹಿರಿಯರು ತಾವಾಗಿ ಇದನ್ನು ಹೇಳುವುದು ಕಡಿಮೆ. ಬಿದ್ದದ್ದು ಗೊತ್ತಾದರೆ ತಮ್ಮನ್ನು ಕೂರಿಸಿಬಿಡುತ್ತಾರೆ, ಊರಿನ ಮನೆ ಬಿಡಿಸಿ ಕರೆದೊಯ್ಯುತ್ತಾರೆ ಎಂದು ಹೆದರಿ ಮುಚ್ಚಿಡುತ್ತಾರೆ. ಕೂರಿಸುವುದಿಲ್ಲವೆಂಬ ಭರವಸೆ ಸಿಕ್ಕರೆ ಅವರು ಬಾಯಿ ಬಿಡುತ್ತಾರೆ. ಈ ವಾರ ಮನೆಯ ಹಿರಿಯರ ಪಕ್ಕ ಕೂತು ಈ ಮೂರು ಪ್ರಶ್ನೆ ಕೇಳಿ. ಆಮೇಲೆ ಕೈ ಹಿಡಿದು ಎಬ್ಬಿಸಿ, ಅವರ ಜೊತೆ ನಾಲ್ಕು ಹೆಜ್ಜೆ ನಡೆಯಿರಿ.